ಬೆಣ್ಣೆ ದೋಸೆ ಊರಿನಲ್ಲಿ ಕ್ಯಾಲೊರಿ ಆಪ್

ಮೊದಲೇ ಹೇಳಿಬಿಡುತ್ತೇನೆ. ತೂಕ ಇಳಿಸುವುದಕ್ಕೆ ಫೋನಿನಲ್ಲಿ ಊಟದ ಲೆಕ್ಕ ಇಡುವ ಆಪ್ ಹಾಕಿಕೊಳ್ಳೋಣ ಅಂತಿದ್ದರೆ ಧಾರಾಳವಾಗಿ ಹಾಕಿಕೊಳ್ಳಿ. ಕೆಲಸ ಮಾಡುತ್ತದೆ. ಆದರೆ ಅದರ ಫ್ರೀ ಭಾಗವೇ ಸಾಕು. ಪ್ರೀಮಿಯಂ, ಪ್ರೊ, ಗೋಲ್ಡ್ ಅಂತ ಕೇಳುವ ದುಡ್ಡಿನಲ್ಲಿ ಒಂದು ಪಾಲು ಖರ್ಚು ಮಾಡಿ ಅಡುಗೆಮನೆಗೆ ಡಿಜಿಟಲ್ ತಕ್ಕಡಿ ತಗೊಳ್ಳಿ. ಐದಕ್ಕೆ ಎಷ್ಟು ಸ್ಟಾರ್ ಅಂತ ಕೇಳಿದರೆ, ಆಪ್‌ಗಳಿಗೆ ಮೂರು, ತಕ್ಕಡಿಗೆ ಐದು.

ನನ್ನದು ದಾವಣಗೆರೆ. ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ವಯಸ್ಸು 48, ಎತ್ತರ 168 ಸೆಂಟಿಮೀಟರ್. ಕಳೆದ ಮಳೆಗಾಲದಲ್ಲಿ ತೂಕ 84 ಕೆಜಿ ಇತ್ತು, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ರಕ್ತ ಪರೀಕ್ಷೆಯಲ್ಲಿ 6.1. ಶುಗರ್ ಅಂತ ಹೆಸರಿಡುವುದಕ್ಕೆ 6.5 ಆಗಬೇಕು. 5.7ರಿಂದ 6.4ರ ಒಳಗಿದ್ದರೆ ಪ್ರೀ-ಡಯಾಬಿಟಿಸ್. ದಿನಾ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಸ್ಟ್ರಿಪ್ ಕತ್ತರಿಸಿ ಕೊಡುವವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಬಿಎಂಐ 29.8. ನಮ್ಮ ಭಾರತೀಯರ ಮೈಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಇಲ್ಲಿನ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. ನಾನು ಹಾಕಿಕೊಂಡ ಒಂದೆರಡು ಆಪ್‌ಗಳು ಮಾತ್ರ ವಿದೇಶದ ಅಳತೆಯಲ್ಲೇ ನನ್ನನ್ನು ನೋಡಿ, ಇನ್ನೂ ಬೊಜ್ಜು ಬಂದಿಲ್ಲ, ಬರೀ ಓವರ್‌ವೇಟ್ ಅಂತ ಸಮಾಧಾನ ಹೇಳಿದವು. ಕೇಳೋಕೆ ಖುಷಿ ಆಯಿತು, ಅಷ್ಟೇ.

ನಾಲ್ಕೈದು ಆಪ್ ಹಾಕಿ, ಬಳಸಿ, ಕೆಲವನ್ನು ತೆಗೆದಿದ್ದೇನೆ. ಬೈಯುವ ಕಡೆ ಹೆಸರು ಹಾಕುವುದಿಲ್ಲ. ಎಲ್ಲವೂ ಹೆಚ್ಚು ಕಡಿಮೆ ಒಂದೇ ಥರ ಇವೆ, ಅಪ್‌ಡೇಟ್ ಬಂದ ಮೇಲೆ ಯಾವುದು ಹೇಗಾಗುತ್ತದೋ ಹೇಳುವ ಹಾಗೂ ಇಲ್ಲ.

ಎಲ್ಲ ಆಪ್‌ಗಳೂ ಶುರುವಿನಲ್ಲಿ ವಯಸ್ಸು, ಎತ್ತರ, ತೂಕ ಕೇಳುತ್ತವೆ. ಆಮೇಲೆ ಒಂದು ಚಕ್ರ ಗಿರಗಿರ ತಿರುಗುತ್ತದೆ. 'ನಿಮಗಾಗಿಯೇ ವಿಶೇಷ ಪ್ಲಾನ್ ತಯಾರಾಗುತ್ತಿದೆ' ಅಂತ ತೋರಿಸುತ್ತದೆ. ಏನೂ ವಿಶೇಷ ಇಲ್ಲ. ಹಿಂದೆ ನಡೆಯುವುದು ಬಹುಪಾಲು 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ. ಕೆಜಿಯಲ್ಲಿ ತೂಕವನ್ನು 10ರಿಂದ ಗುಣಿಸಿ, ಸೆಂಟಿಮೀಟರಿನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದರಷ್ಟು ಕಳೆಯಿರಿ. ಗಂಡಸಾದರೆ 5 ಸೇರಿಸಿ, ಹೆಂಗಸಾದರೆ 161 ಕಳೆಯಿರಿ. ನನಗೆ 1655 ಬಂತು. ಏನೂ ಮಾಡದೆ ಮಲಗಿದ್ದರೂ ಮೈಗೆ ಬೇಕಾಗುವುದು ಇಷ್ಟು. ಕೌಂಟರ್ ಹಿಂದೆ ಕೂತೇ ಇರುವ ಕೆಲಸಕ್ಕೆ ಇದನ್ನು 1.2ರಿಂದ ಗುಣಿಸಿದರೆ 1986. ತೂಕ ಇಳಿಯಲಿ ಅಂತ ಅದರಲ್ಲಿ 500 ಕಳೆದರೆ 1486. ಆಪ್ ಹೇಳಿದ್ದು 1490. ಕ್ಯಾಲ್ಕುಲೇಟರಿನಲ್ಲಿ ಒಂದು ನಿಮಿಷದ ಕೆಲಸ. ಇದಕ್ಕೆ ದುಡ್ಡು ಕೊಡಬೇಡಿ.

ನಿಜವಾದ ತೊಂದರೆ ಊಟ ಬರೆಯುವಾಗ ಶುರುವಾಗುತ್ತದೆ.

ಬೆಣ್ಣೆ ದೋಸೆ ಅಂತ ಹುಡುಕಿದೆ. ಒಂದೇ ಆಪ್‌ನಲ್ಲಿ 'ಬಟರ್ ದೋಸಾ' ಅನ್ನುವ ಹೆಸರಿಗೆ ಒಂದು ಪುಟದ ತುಂಬ ಉತ್ತರ ಬಂತು. ಒಬ್ಬರ ಪ್ರಕಾರ 130 ಕ್ಯಾಲೊರಿ, ಇನ್ನೊಬ್ಬರ ಪ್ರಕಾರ 500ರ ಮೇಲೆ. ಬಳಸುವವರೇ ಮನಸ್ಸಿಗೆ ಬಂದದ್ದನ್ನು ತುಂಬುವ ಪಟ್ಟಿ ಅದು. 130 ಅಂತ ಬರೆದವರು ನಮ್ಮ ಊರಿಗೆ ಬಂದೇ ಇಲ್ಲ ಅನ್ನುವುದು ಗ್ಯಾರಂಟಿ. ಕಾವಲಿಯ ಮೇಲೆ ಬೆಣ್ಣೆಯ ಮುದ್ದೆ ಬೀಳುವುದನ್ನು ಎದುರಿಗೆ ನಿಂತು ನೋಡಿದವರು ಅಂಥ ಸಂಖ್ಯೆ ಬರೆಯುವುದಿಲ್ಲ. ಮನೆಯಲ್ಲಿ ಒಂದು ಭಾನುವಾರ ತಕ್ಕಡಿ ಇಟ್ಟುಕೊಂಡೇ ಮಾಡಿದೆವು. ಒಂದು ಸೌಟು ಹಿಟ್ಟು 100 ಗ್ರಾಂ, ಬೆಣ್ಣೆ 20 ಗ್ರಾಂ. ಬೆಣ್ಣೆ ಒಂದರಿಂದಲೇ 145 ಕ್ಯಾಲೊರಿ. ಹಿಟ್ಟು, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಸೇರಿ ಒಂದು ದೋಸೆ 400ರ ಆಸುಪಾಸಿಗೆ ಬಂತು. ಹೋಟೆಲ್ಲಿನ ಕೈ ಇನ್ನೂ ದೊಡ್ಡದು. ಮತ್ತೆ ದಾವಣಗೆರೆಯಲ್ಲಿ ಒಂದು ದೋಸೆಗೆ ಎದ್ದು ಬರುವವರು ಯಾರಿದ್ದಾರೆ ಹೇಳಿ.

ಮಂಡಕ್ಕಿಯದು ಇನ್ನೊಂದು ಕತೆ. ಮಂಡಕ್ಕಿ ಭಟ್ಟಿ ಇರುವ ಊರಿನವನು ನಾನು. ಸಂಜೆ ಮಿರ್ಚಿ ಮಂಡಕ್ಕಿ ಇಲ್ಲದೆ ದಿನ ಮುಗಿಯುವುದಿಲ್ಲ. ಆಪ್‌ನಲ್ಲಿ 'ಮಂಡಕ್ಕಿ' ಅಂದರೆ ಖಾಲಿ. ಇಂಗ್ಲಿಷಿನಲ್ಲಿ ಪಫ್ಡ್ ರೈಸ್ ಅಂದರೆ ಸಕ್ಕರೆ ಹಾಕಿದ ವಿದೇಶಿ ಸೀರಿಯಲ್ ಡಬ್ಬಿಗಳು ಬರುತ್ತವೆ. ಮುರ್ಮುರಾ ಅಂತ ಹಿಂದಿಯಲ್ಲಿ ಹುಡುಕಿದ ಮೇಲೆ ಸಿಕ್ಕಿತು. 'ಮಿರ್ಚಿ' ಅಂತ ಹಾಕಿದರೆ ಹಸಿ ಮೆಣಸಿನಕಾಯಿ ಬಂತು, 18 ಕ್ಯಾಲೊರಿ. ಕಡಲೆಹಿಟ್ಟಿನಲ್ಲಿ ಅದ್ದಿ ಕುದಿಯುವ ಎಣ್ಣೆಯಲ್ಲಿ ಕರಿದದ್ದು ಅದಕ್ಕೆ ಗೊತ್ತೇ ಇಲ್ಲ. ಅದನ್ನೇ ಒತ್ತಿ ಮುಂದೆ ಹೋದರೆ ಆ ದಿನ ನೀವು ಗೆದ್ದ ಹಾಗೆ ಹಸಿರು ಬಣ್ಣ ತೋರಿಸುತ್ತದೆ.

ಬಾಳೆಹಣ್ಣಿನಂಥ ಸರಳ ಪದಾರ್ಥದಲ್ಲೂ ಹೀಗೆ. ಆಪ್‌ಗಳಲ್ಲಿರುವ 'ಮೀಡಿಯಂ ಬನಾನಾ' ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಿಂದ ಬಂದದ್ದು. ಸಿಪ್ಪೆ ತೆಗೆದ ಮೇಲೆ 118 ಗ್ರಾಂ, 105 ಕ್ಯಾಲೊರಿ. ನಮ್ಮ ಏಲಕ್ಕಿ ಬಾಳೆ ಸಿಪ್ಪೆ ಸುಲಿದು ತೂಗಿದರೆ 50 ಗ್ರಾಂ ಬರುವುದೂ ಕಷ್ಟ. ಎರಡು ಏಲಕ್ಕಿ ಬಾಳೆ ತಿಂದವರು ನಾಲ್ಕು ಹಣ್ಣಿನಷ್ಟು ಬರೆದುಕೊಳ್ಳುತ್ತಾರೆ. ಹಣ್ಣಿಗೆ ಜಾಸ್ತಿ, ಮಿರ್ಚಿಗೆ ಕಡಿಮೆ. ತೂಕ ಇಳಿಸುವವರಿಗೆ ಇದಕ್ಕಿಂತ ಉಲ್ಟಾ ಲೆಕ್ಕ ಬೇಕೇ?

ಈಗ ಫೋಟೊ ತೆಗೆದರೆ ಸಾಕು, ಎಐ ಎಲ್ಲ ಹೇಳಿಬಿಡುತ್ತದೆ ಅನ್ನುವ ಜಾಹೀರಾತು ಜಾಸ್ತಿ ಆಗಿದೆ. ತಟ್ಟೆಯಲ್ಲಿ ರಾಗಿ ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಸಾರು ಇಟ್ಟು ಫೋಟೊ ತೆಗೆದೆ. ಮುದ್ದೆಯನ್ನು ಚಾಕೊಲೇಟ್ ಲಡ್ಡು ಅಂದಿತು. ಮಗಳು ನಕ್ಕು ನಕ್ಕು ಸುಸ್ತಾದಳು. ಇಡ್ಲಿ, ಚಪಾತಿ ಇಂಥವನ್ನು ಚೆನ್ನಾಗಿ ಗುರುತಿಸುತ್ತದೆ, ಸುಳ್ಳು ಹೇಳಬಾರದು. ಆದರೆ ಗುರುತಿಸುವುದು ದೊಡ್ಡ ವಿಷಯ ಅಲ್ಲ. ಪಲ್ಯದಲ್ಲಿ ಎಣ್ಣೆ ಎಷ್ಟಿದೆ, ಸಾರಿಗೆ ಕಾಯಿ ಎಷ್ಟು ರುಬ್ಬಿದ್ದಾರೆ ಅನ್ನುವುದು ಯಾವ ಕ್ಯಾಮೆರಾಗೂ ಕಾಣುವುದಿಲ್ಲ. ನಮ್ಮ ಅಡುಗೆಯಲ್ಲಿ ಕ್ಯಾಲೊರಿ ಕೂತಿರುವುದೇ ಅಲ್ಲಿ.

ಈಗ ತಕ್ಕಡಿಗೆ ಬರುತ್ತೇನೆ. ಆನ್‌ಲೈನ್‌ನಲ್ಲಿ ಐನೂರು ರೂಪಾಯಿ ಒಳಗೆ ಸಿಗುತ್ತದೆ. 5 ಕೆಜಿ ತನಕ ತೂಗುವ, 1 ಗ್ರಾಂ ವ್ಯತ್ಯಾಸ ತೋರಿಸುವಂಥದ್ದು ಸಾಕು. ಸರಿ ಇದೆಯಾ ಅಂತ ನೋಡುವುದಕ್ಕೆ ಸುಲಭ ಉಪಾಯ ಇದೆ. ಹತ್ತು ರೂಪಾಯಿಯ ಹತ್ತು ನಾಣ್ಯ ಇಡಿ. 77 ಗ್ರಾಂ ತೋರಿಸಬೇಕು. 'ಟೇರ್' ಅನ್ನುವ ಬಟನ್ ಇರಲೇಬೇಕು. ಪಾತ್ರೆ ಇಟ್ಟು ಅದನ್ನು ಒತ್ತಿದರೆ ಸೊನ್ನೆ ಆಗುತ್ತದೆ, ಆಮೇಲೆ ಹಾಕಿದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಈ ಟೇರ್ ಬಟನ್‌ನ ನಿಜವಾದ ಉಪಯೋಗ ಗೊತ್ತಾಗಿದ್ದು ಎಣ್ಣೆ ಅಳೆಯುವಾಗ. ಬಾಣಲೆಗೆ ಎಷ್ಟು ಎಣ್ಣೆ ಬಿತ್ತು ಅಂತ ಅಳೆಯುವುದು ಹೇಗೆ? ಒಲೆಯ ಮೇಲಿನ ಬಾಣಲೆಯನ್ನು ತೂಗೋಕಾಗಲ್ಲ. ಆದ್ದರಿಂದ ಎಣ್ಣೆ ಕ್ಯಾನನ್ನೇ ತಕ್ಕಡಿಯ ಮೇಲೆ ಇಡಬೇಕು. ಟೇರ್ ಒತ್ತಬೇಕು. ಕ್ಯಾನ್ ಎತ್ತಿ ಒಗ್ಗರಣೆಗೆ ಎಷ್ಟು ಬೇಕೋ ಅಷ್ಟು ಸುರಿದು ಮತ್ತೆ ಅಲ್ಲೇ ಇಡಬೇಕು. ಎಷ್ಟು ಕಡಿಮೆ ಆಯಿತೋ ಅದು ಮೈನಸ್‌ನಲ್ಲಿ ಬರುತ್ತದೆ. ಮೊದಲ ಸಲ ನಮ್ಮ ಮನೆಯ ಬದನೆಕಾಯಿ ಎಣ್ಣೆಗಾಯಿಗೆ ಬಂದದ್ದು ಮೈನಸ್ 74. ಹೆಂಡತಿ ಬಗ್ಗಿ ನೋಡಿದಳು. 'ಇದು ಕೆಟ್ಟಿರಬೇಕು, ನಾನು ಹಾಕಿದ್ದು ಮೂರು ಚಮಚ' ಅಂದಳು. ಹತ್ತು ರೂಪಾಯಿ ನಾಣ್ಯಗಳನ್ನು ಮತ್ತೆ ತಂದು ಇಟ್ಟು ತೋರಿಸಿದೆ. 77. ತಕ್ಕಡಿ ಸರಿ ಇತ್ತು. ಅವಳು ಚಮಚ ಅಂದಿದ್ದು ಎಣ್ಣೆ ಡಬ್ಬಿಯಲ್ಲಿ ಸದಾ ಇರುವ ಉದ್ದ ಹಿಡಿಯ ಸೌಟಿಗೆ. ಅದು ನಮ್ಮ ಅತ್ತೆಯ ಕಾಲದ್ದು. ಒಮ್ಮೆಗೆ 25 ಗ್ರಾಂ ಹಿಡಿಯುತ್ತದೆ.

ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಶೇಂಗಾ ಎಣ್ಣೆ ಇರಲಿ, ಸೂರ್ಯಕಾಂತಿ ಇರಲಿ, 'ಹೃದಯಕ್ಕೆ ಒಳ್ಳೆಯದು' ಅಂತ ಡಬ್ಬಿಯ ಮೇಲೆ ಬರೆದಿರಲಿ, ಅಷ್ಟೇ. 74 ಗ್ರಾಂ ಅಂದರೆ 666. ನಾಲ್ಕು ಜನ ಹಂಚಿಕೊಂಡರೂ ತಲೆಗೆ 165 ದಾಟಿತು. ಆಪ್‌ನಲ್ಲಿ 'ಬೈಂಗನ್ ಸಬ್ಜಿ, ಒಂದು ಕಟೋರಿ' ಅಂತ ನಾನು ಅಲ್ಲಿಯ ತನಕ ಒತ್ತುತ್ತಿದ್ದದ್ದು ಎಲ್ಲ ಸೇರಿ 90.

ಅವತ್ತಿನಿಂದ ಅವಳಿಗೇ ಕುತೂಹಲ ಹತ್ತಿತು. ನನ್ನ ಫೋನ್ ಅವಳು ಮುಟ್ಟುವುದಿಲ್ಲ, ತಕ್ಕಡಿಯನ್ನು ಮಾತ್ರ ಗ್ಯಾಸ್ ಕಟ್ಟೆಯ ಪಕ್ಕ ಕಾಯಂ ಇಟ್ಟುಕೊಂಡಿದ್ದಾಳೆ. ಎಣ್ಣೆಗಾಯಿ ಈಗಲೂ ಮಾಡುತ್ತಾಳೆ, 45 ಗ್ರಾಂನಲ್ಲಿ. ಅದಕ್ಕಿಂತ ಕಡಿಮೆಯಾದರೆ ಮಸಾಲೆ ತಳ ಹಿಡಿಯುತ್ತದೆ, ಎಣ್ಣೆಗಾಯಿ ಅನ್ನೋಕಾಗಲ್ಲ ಅನ್ನುವುದು ಅವಳ ತೀರ್ಪು. ನಾನು ವಾದ ಮಾಡಲಿಲ್ಲ. ರುಚಿಯಲ್ಲಿ ನನಗೆ ಗೊತ್ತಾಗುವಷ್ಟು ಫರಕು ಇಲ್ಲ.

ತಿಂಗಳ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರ ಆಹಾರಕ್ಕೆ ಹೊಸ ಮಾರ್ಗಸೂಚಿ ಕೊಟ್ಟಿತು. ದಿನಕ್ಕೆ 2000 ಕ್ಯಾಲೊರಿಯ ತಟ್ಟೆಯಲ್ಲಿ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ, ತರಕಾರಿ 400 ಗ್ರಾಂ, ಧಾನ್ಯ 250 ಗ್ರಾಂ ಅಂತ ಅದರಲ್ಲಿದೆ. ನಾಲ್ಕು ಜನರ ಮನೆಗೆ ತಿಂಗಳಿಗೆ 27 ಗ್ರಾಂ ಲೆಕ್ಕದಲ್ಲಿ 3240 ಗ್ರಾಂ ಎಣ್ಣೆ. ಒಂದು ಲೀಟರ್ ಎಣ್ಣೆ ತೂಗುವುದು 910 ಗ್ರಾಂ, ಹಾಗಾಗಿ ಸುಮಾರು ಮೂರೂವರೆ ಲೀಟರ್. ನಮ್ಮ ಮನೆಗೆ ಬರುತ್ತಿದ್ದದ್ದು 5 ಲೀಟರಿನ ಕ್ಯಾನ್, ತಿಂಗಳ ಕೊನೆಗೆ ಖಾಲಿ. ತಲೆಗೆ ದಿನಕ್ಕೆ 38 ಗ್ರಾಂ. ತುಪ್ಪ, ಬೆಣ್ಣೆ, ಹೊರಗಿನ ಮಿರ್ಚಿ ಬೇರೆ. ಇದಕ್ಕೆ ಆಪ್ ಕೂಡ ಬೇಡ, ಕಿರಾಣಿ ಚೀಟಿ ನೋಡಿದರೆ ಸಾಕು. ಅಂಗಡಿಗೆ ಬಂದು ತೂಕ ಇಳಿಸುವ ಪೌಡರ್ ಕೇಳುವವರಿಗೆ ನಾನು ಈಗ ಮೊದಲು ಕೇಳುವುದು ಇದೇ: ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ?

ಹಾಗಾದರೆ ಆಪ್ ಯಾಕೆ ಬೇಕು? ಅದರಲ್ಲಿ ಒಂದು ಮೂಲೆಯಲ್ಲಿ 'ರೆಸಿಪಿ' ಅನ್ನುವ ಜಾಗ ಇರುತ್ತದೆ. ಹೆಚ್ಚಿನವರು ಅದನ್ನು ತೆರೆದೇ ನೋಡಿರುವುದಿಲ್ಲ. ನನ್ನ ಪ್ರಕಾರ ಇಡೀ ಆಪ್‌ನಲ್ಲಿ ಬೆಲೆ ಬಾಳುವುದು ಅದೊಂದೇ. ನಿಮ್ಮ ಮನೆಯ ಅಡುಗೆಯನ್ನು ಒಮ್ಮೆ ತೂಗಿ ಅಲ್ಲಿ ಬರೆದಿಟ್ಟರೆ ಮುಂದೆ ಹುಡುಕುವ ತಲೆನೋವೇ ಇಲ್ಲ.

ಮುದ್ದೆ ಹೇಗೆ ಬರೆದೆ ಅಂತ ಹೇಳುತ್ತೇನೆ. ರಾಗಿ ಹಿಟ್ಟು 400 ಗ್ರಾಂ. ನೂರು ಗ್ರಾಂ ರಾಗಿಗೆ 321 ಕ್ಯಾಲೊರಿ, ಆದ್ದರಿಂದ ಒಟ್ಟು 1284. ನೀರಿಗೆ, ಉಪ್ಪಿಗೆ ಕ್ಯಾಲೊರಿ ಇಲ್ಲ. ತೊಳಸಿ ಆದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆದರೆ 1180 ಗ್ರಾಂ ಮುದ್ದೆ. ಅಂದರೆ 100 ಗ್ರಾಂ ಮುದ್ದೆಗೆ 109. ಇಷ್ಟನ್ನು ರೆಸಿಪಿಯಲ್ಲಿ ಹಾಕಿದ ಮೇಲೆ ದಿನಾ ತಟ್ಟೆಗೆ ಬಿದ್ದ ಮುದ್ದೆಯ ತೂಕ ಹಾಕಿದರೆ ಮುಗಿಯಿತು. ನನಗೆ ಮೊದಲು ಬೀಳುತ್ತಿದ್ದದ್ದು 300 ಗ್ರಾಂ, ಈಗ 200. ಜೋಳದ ರೊಟ್ಟಿ ಇನ್ನೂ ಸುಲಭ, ಎಣ್ಣೆಯೇ ಇಲ್ಲ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ 167. ಆಪ್‌ನಲ್ಲಿದ್ದ 'ರೋಟಿ' 70 ಅಂತ ಇತ್ತು, ಅದು ಉತ್ತರ ಭಾರತದ ಪುಟ್ಟ ಫುಲ್ಕಾ ಇರಬೇಕು. ಹುಳಿ, ಬಸ್ಸಾರು, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿಪುಡಿ ಹೀಗೆ ಒಂದಷ್ಟು ಬರೆದಿಟ್ಟೆ. ನಮ್ಮ ಮನೆಗಳಲ್ಲಿ ತಿರುಗಿ ತಿರುಗಿ ಬರುವುದು ಅವೇ ಅಡುಗೆ ತಾನೇ.

ಅನ್ನ ಬರೆಯುವಾಗ ಒಂದು ಎಚ್ಚರ. ಅಕ್ಕಿ ಬೇರೆ, ಅನ್ನ ಬೇರೆ. ನೂರು ಗ್ರಾಂ ಅಕ್ಕಿಗೆ 350ರ ಮೇಲೆ, ನೂರು ಗ್ರಾಂ ಅನ್ನಕ್ಕೆ 130ರ ಸುತ್ತಮುತ್ತ. ಆಪ್‌ನಲ್ಲಿ ಎರಡೂ 'ರೈಸ್' ಅಂತಲೇ ಇರುತ್ತವೆ. ಯಾವುದು ಅಂತ ನೋಡಿ ಒತ್ತಿ.

ಸಂಖ್ಯೆ ಎಲ್ಲಿಂದ ತರುವುದು ಅಂತ ಕೇಳಬಹುದು. ಅದೇ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ 528 ಆಹಾರ ಪದಾರ್ಥಗಳನ್ನು ಪರೀಕ್ಷೆ ಮಾಡಿ ಪಟ್ಟಿ ಪ್ರಕಟಿಸಿದೆ. ರಾಗಿ, ಜೋಳ, ಹುರುಳಿ, ನುಗ್ಗೆಸೊಪ್ಪು ಎಲ್ಲ ಇದೆ. ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ, 4.184ರಿಂದ ಭಾಗಿಸಿಕೊಳ್ಳಬೇಕು. ರಾಗಿಯ 321 ಬಂದದ್ದು ಹಾಗೆ. 2019ರಲ್ಲಿ ಅವರೇ 'ನ್ಯೂಟ್ರಿಫೈ ಇಂಡಿಯಾ ನೌ' ಅನ್ನುವ ಆಪ್ ಬಿಟ್ಟರು. ಫ್ರೀ, ಸರ್ಕಾರದ್ದು, ಪದಾರ್ಥಗಳ ಹೆಸರು ಭಾರತೀಯ ಭಾಷೆಗಳಲ್ಲೂ ಸಿಗುತ್ತದೆ. ರಿಬ್ಬನ್ ಕಟ್ಟಿ ಪಟಾಕಿ ಹಾರಿಸುವ ಆಪ್ ಅಲ್ಲ, ನಂಬಿಕೆಯ ಸಂಖ್ಯೆಗೆ ಅದನ್ನು ಇಟ್ಟುಕೊಳ್ಳಿ. ದಿನಾ ಬರೆಯುವುದಕ್ಕೆ ನಾನು ಕೊನೆಗೆ ಉಳಿಸಿಕೊಂಡದ್ದು ಕ್ರೊನೊಮೀಟರ್, ಫ್ರೀ ಆವೃತ್ತಿ. ಜಾಹೀರಾತು ಬರುತ್ತದೆ, ಬರಲಿ. ಪ್ರತಿ ಪದಾರ್ಥದ ಲೆಕ್ಕ ಯಾವ ಮೂಲದಿಂದ ಬಂತು ಅಂತ ತೋರಿಸುತ್ತದೆ, ಅದು ನನಗೆ ಇಷ್ಟ. ಬ್ಯಾಚ್ ನಂಬರ್ ನೋಡದೆ ಅಂಗಡಿಗೆ ಔಷಧಿ ತಗೊಳ್ಳದ ನನ್ನ ಅಭ್ಯಾಸ ಇದಕ್ಕೆ ಕಾರಣ ಇರಬೇಕು.

ಪ್ಯಾಕೆಟ್ ತಿಂಡಿಗೆ ಬಾರ್‌ಕೋಡ್ ಸ್ಕ್ಯಾನ್ ಚೆನ್ನಾಗಿದೆ. 890ರಿಂದ ಶುರುವಾಗುವ ನಮ್ಮ ಕೋಡ್‌ಗಳೂ ಈಗ ಸುಮಾರಾಗಿ ಸಿಗುತ್ತವೆ. ಸ್ಕ್ಯಾನ್ ಆದ ಮೇಲೆ ಪ್ಯಾಕೆಟ್ ಹಿಂದಿನ ಪಟ್ಟಿಯ ಜೊತೆ ಒಮ್ಮೆ ತಾಳೆ ನೋಡಿ, 'ಒಂದು ಸರ್ವಿಂಗ್' ಅಂದರೆ ಎಷ್ಟು ಗ್ರಾಂ ಅಂತ. ಇಡೀ ಪ್ಯಾಕೆಟ್ ಅಂತೂ ಅಲ್ಲ.

ಲೆಕ್ಕ ಇಡುವುದರಿಂದ ನಾನು ಅಂದುಕೊಂಡಿರದ ಒಂದು ಲಾಭ ಆಯಿತು. ಕ್ಯಾಲೊರಿಗಿಂತ ಪ್ರೋಟೀನ್ ಕಾಲಂ ನೋಡಿ ಗಾಬರಿಯಾದೆ. 65 ಕೆಜಿಯ ಗಂಡಸಿಗೆ ದಿನಕ್ಕೆ 54 ಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ನನ್ನದು ನಲವತ್ತರ ಹತ್ತಿರ ಸುತ್ತುತ್ತಿತ್ತು. ನಮ್ಮದು ಮೊಟ್ಟೆ, ಮಾಂಸ ಇಲ್ಲದ ಮನೆ. ತಟ್ಟೆಯ ತುಂಬ ಅನ್ನ, ಸಾರಿನಲ್ಲಿ ಬೇಳೆ ಹುಡುಕಬೇಕು. ಈಗ ಬೆಳಗ್ಗೆ ಮೊಳಕೆ ಹೆಸರುಕಾಳು, ಮಧ್ಯಾಹ್ನ ದೊಡ್ಡ ಬಟ್ಟಲು ಮೊಸರು, ವಾರದಲ್ಲಿ ಎರಡು ದಿನ ಹುರುಳಿಕಾಳು. ಹುರುಳಿಯಲ್ಲಿ 100 ಗ್ರಾಂಗೆ 22 ಗ್ರಾಂ ಪ್ರೋಟೀನ್. ಹೊಟ್ಟೆ ತುಂಬಿದ್ದು ಹೆಚ್ಚು ಹೊತ್ತು ಇರುತ್ತದೆ. ಹನ್ನೊಂದು ಗಂಟೆಗೆ ಅಂಗಡಿಗೆ ಬರುವ ಬಿಸ್ಕತ್ತು ತಾನಾಗಿ ಬಿಟ್ಟುಹೋಯಿತು. ಈ ಒಂದು ಕಾಲಂಗಾಗಿಯೇ ಆಪ್‌ಗೆ ಅರ್ಧ ಸ್ಟಾರ್ ಜಾಸ್ತಿ ಕೊಟ್ಟೆ.

ತೂಕದ ಗ್ರಾಫ್ ನೋಡಿ ಗಾಬರಿ ಬೀಳಬೇಡಿ. ಯುಗಾದಿಗೆ ಹೋಳಿಗೆ ತಿಂದ ಮರುದಿನ ನನ್ನ ತೂಕ ಒಂದೂವರೆ ಕೆಜಿ ಜಾಸ್ತಿ ತೋರಿಸಿತು. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಅಂತ ಲೆಕ್ಕ. ಒಂದೂವರೆ ಕೆಜಿ ಕೊಬ್ಬು ಒಂದೇ ದಿನಕ್ಕೆ ಬರಬೇಕಾದರೆ ದಿನದ ಊಟದ ಮೇಲೆ ಹನ್ನೊಂದು ಸಾವಿರಕ್ಕೂ ಹೆಚ್ಚು ತಿಂದಿರಬೇಕು. ಎಂಥ ಹೋಳಿಗೆ ಪ್ರಿಯನಿಗೂ ಸಾಧ್ಯವಿಲ್ಲ. ಅದು ಉಪ್ಪು, ಸಿಹಿ ಹಿಡಿದಿಟ್ಟ ನೀರು, ಮತ್ತೆ ಇನ್ನೂ ಹೊಟ್ಟೆಯಲ್ಲಿರುವ ಊಟ. ನಾಲ್ಕು ದಿನದಲ್ಲಿ ಇಳಿಯಿತು. ವಾರದ ಸರಾಸರಿ ತೋರಿಸುವ ಆಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದು ನೀವೇ ಸರಾಸರಿ ತೆಗೆಯಿರಿ.

ನಡಿಗೆಯ ಲೆಕ್ಕವನ್ನು ಮಾತ್ರ ಆಪ್‌ಗೆ ಬಿಡಬೇಡಿ. ಬೆಳಗ್ಗೆ ಕುಂದವಾಡ ಕೆರೆಯ ಏರಿ ಸುತ್ತುತ್ತೇನೆ. ಐದು ಕಿಲೋಮೀಟರ್ ಆದ ಕೂಡಲೇ ಫೋನ್ ಗುಂಯ್ ಅಂದು '350 ಕ್ಯಾಲೊರಿ ಕರಗಿತು, ಇವತ್ತು ಅಷ್ಟು ಜಾಸ್ತಿ ತಿನ್ನಬಹುದು' ಅನ್ನುತ್ತದೆ. ಆ 350ರಲ್ಲಿ ಸುಮ್ನೆ ಕೂತಿದ್ದರೂ ಆ ಹೊತ್ತಿಗೆ ಖರ್ಚಾಗುತ್ತಿದ್ದದ್ದೂ ಸೇರಿದೆ. ಅದನ್ನು ಮೊದಲೇ ದಿನದ ಕೋಟಾದಲ್ಲಿ ಎಣಿಸಿ ಆಗಿದೆ. ಎರಡು ಸಲ ಎಣಿಸಿದ ಹಾಗೆ. ಕೆರೆಯಿಂದ ವಾಪಸ್ ಬರುವ ದಾರಿಯಲ್ಲಿ ದೋಸೆ ಹೋಟೆಲ್ ಬೇರೆ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ವ್ಯಾಯಾಮದ ಕ್ಯಾಲೊರಿ ಸೇರಿಸುವುದನ್ನು ಆಫ್ ಮಾಡಿ.

ಇನ್ನು ದುಡ್ಡು ಕೊಟ್ಟ ಪ್ಲಾನ್. ಒಂದು ಕಂಪನಿಯ ಮೂರು ತಿಂಗಳ ಪ್ಯಾಕ್ ತಗೊಂಡೆ, ಡಯೆಟಿಷಿಯನ್ ಸಮೇತ. ಕೆಲವು ಸಾವಿರ ರೂಪಾಯಿ. ಮಾತು ತುಂಬ ಮರ್ಯಾದೆಯದು, ಅದರಲ್ಲಿ ಕುಂದಿಲ್ಲ. ಬಂದ ಚಾರ್ಟ್ ನೋಡಿ: ಬೆಳಗ್ಗೆ ಓಟ್ಸ್, ಮಧ್ಯಾಹ್ನ ಎರಡು ಫುಲ್ಕಾ ಮತ್ತು ಪನೀರ್ ಭುರ್ಜಿ, ಸಂಜೆ ಮಖಾನಾ, ರಾತ್ರಿ ಬ್ರೊಕೊಲಿ ಸೂಪ್. ದಾವಣಗೆರೆಯಲ್ಲಿ ರೊಟ್ಟಿ, ಮುದ್ದೆ, ಕಾಳು, ಸೊಪ್ಪು ಇಟ್ಟುಕೊಂಡು ಬ್ರೊಕೊಲಿ ಎಲ್ಲಿ ಹುಡುಕಲಿ? ರಾತ್ರಿ ಮುದ್ದೆ ತಿನ್ನಬಹುದಾ ಅಂತ ಕೇಳಿದರೆ 'ಅವಾಯ್ಡ್ ಮಾಡಿ ಸರ್' ಅಂತ ಉತ್ತರ. ಯಾಕೆ ಅಂತ ಕೇಳಿದ್ದಕ್ಕೆ ನಗುವ ಎಮೋಜಿ. ವಾರಕ್ಕೊಮ್ಮೆ ಬರುವ ಫೋನ್‌ನಲ್ಲಿ ಅರ್ಧ ಮಾತು ಮುಂದಿನ ದೊಡ್ಡ ಪ್ಯಾಕ್ ಬಗ್ಗೆ.

ನನ್ನ ತಂಗಿಗೆ ಮಾತ್ರ ಬೇರೆ ಅನುಭವ. ಬೆಂಗಳೂರಿನಲ್ಲಿದ್ದಾಳೆ, ಅವಳೂ ಇಂಥದ್ದೇ ಒಂದು ಪ್ಲಾನ್ ತಗೊಂಡಿದ್ದಳು. ಅವಳಿಗೆ ಸಿಕ್ಕ ಹುಡುಗಿ ಹಾಸನದ ಕಡೆಯವಳು, ಅಕ್ಕಿ ರೊಟ್ಟಿಯನ್ನೇ ಇಟ್ಟು ಚಾರ್ಟ್ ಬರೆದುಕೊಟ್ಟಳಂತೆ. ಯಾರೋ ಕೇಳುತ್ತಾರೆ ಅನ್ನುವ ಭಯಕ್ಕೇ ಬರೆಯುತ್ತೇನೆ ಅನ್ನುತ್ತಾಳೆ ತಂಗಿ. ಅಂಥವರಿಗೆ ಕೋಚ್ ಬೇಕಾಗಬಹುದು. ಯಾರು ಸಿಗುತ್ತಾರೆ ಅನ್ನುವುದು ಲಾಟರಿ.

ಆಪ್ ಹಾಕಿದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ ಅನ್ನುವುದಕ್ಕೆ ಅಧ್ಯಯನವೇ ಇದೆ. 2014ರಲ್ಲಿ ಅಮೆರಿಕದ 'ಅನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದದ್ದು. ಹೆಚ್ಚು ತೂಕದ 212 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೈಫಿಟ್‌ನೆಸ್‌ಪಾಲ್ ಅನ್ನುವ ಇಂಥದ್ದೇ ಕ್ಯಾಲೊರಿ ಆಪ್ ಹಾಕಿಕೊಟ್ಟರು. ಆರು ತಿಂಗಳಾದ ಮೇಲೆ ಎರಡೂ ಗುಂಪಿನ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮೊದಲ ತಿಂಗಳ ನಂತರ ಹೆಚ್ಚಿನವರು ಆಪ್ ತೆರೆಯುವುದೇ ಅಪರೂಪ ಆಗಿತ್ತು. ಇದರಲ್ಲಿ ಆಶ್ಚರ್ಯ ಏನಿಲ್ಲ. ಊಟ ಆದ ಮೇಲೆ ಕೈ ತೊಳೆದು ಫೋನಿನಲ್ಲಿ ಹುಡುಕುತ್ತಾ ಕೂರುವುದು ಬೇಜಾರಿನ ಕೆಲಸ. ರೆಸಿಪಿ ಬರೆದಿಟ್ಟವರಿಗೆ ಆ ಬೇಜಾರು ಅರ್ಧ ನಿಮಿಷದ್ದು, ನಾನು ಮುಂದುವರಿಸಿದ್ದು ಅದರಿಂದಲೇ.

ಅದೇ ಮೈಫಿಟ್‌ನೆಸ್‌ಪಾಲ್‌ನಿಂದ 2018ರಲ್ಲಿ ಸುಮಾರು 15 ಕೋಟಿ ಖಾತೆಗಳ ಹೆಸರು, ಇಮೇಲ್, ಗುಪ್ತರೂಪದ ಪಾಸ್‌ವರ್ಡ್ ಕದ್ದುಹೋದವು. ಯಾವ ಆಪ್ ಹಾಕಿಕೊಂಡರೂ ಬ್ಯಾಂಕಿಗೆ ಕೊಟ್ಟ ಇಮೇಲ್, ಪಾಸ್‌ವರ್ಡ್ ಇದಕ್ಕೆ ಕೊಡಬೇಡಿ. ಕಾಂಟ್ಯಾಕ್ಟ್ಸ್, ಲೊಕೇಶನ್ ಕೇಳಿದರೆ ಬೇಡ ಅನ್ನಿ. ಹುಳಿ ತಿಂದಿದ್ದಕ್ಕೆ ಲೊಕೇಶನ್ ಯಾಕೆ?

ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ, ನಾನು ನೋಡಿದ ಖಾಸಗಿ ಆಪ್‌ಗಳಲ್ಲಿ ಒಂದೂ ಕನ್ನಡದಲ್ಲಿ ಸರಿಯಾಗಿ ಹುಡುಕಲು ಬಿಡಲಿಲ್ಲ. 'ಸಾರು' ಅಂತ ಕನ್ನಡದಲ್ಲಿ ಬರೆದರೆ ಏನೂ ಬರಲಿಲ್ಲ. ಅಡುಗೆ ಮಾಡುವವರು ಮನೆಯಲ್ಲಿ ಒಬ್ಬರು, ಇಂಗ್ಲಿಷಿನಲ್ಲಿ ಲೆಕ್ಕ ಬರೆಯುವವರು ಇನ್ನೊಬ್ಬರು. ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದದ್ದು ತಕ್ಕಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಅಂಕಿ ಎಲ್ಲರಿಗೂ ಓದಲು ಬರುತ್ತದೆ.

ಔಷಧಿ ಅಂಗಡಿಯವನಾಗಿ ಒಂದು ಮಾತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳುವವರು ಆಪ್ ಹೇಳಿತು ಅಂತ ಊಟ ಕಡಿಮೆ ಮಾಡಬೇಡಿ. ಶುಗರ್ ದಿಢೀರ್ ಇಳಿದು ತಲೆ ತಿರುಗಿ ಬೀಳುತ್ತೀರಿ. ಮೊದಲು ಡಾಕ್ಟರ ಹತ್ತಿರ ಡೋಸ್ ಮಾತಾಡಿ. ಬಸುರಿಯರು, ಎದೆಹಾಲು ಕುಡಿಸುವವರು, ಬೆಳೆಯುವ ಮಕ್ಕಳಿಗೆ ಇದು ಬೇಡವೇ ಬೇಡ. ಊಟದ ಬಗ್ಗೆ ಮೊದಲೇ ಭಯ, ಪಾಪಪ್ರಜ್ಞೆ ಇರುವ ಹುಡುಗಿಯರ ಕೈಗೆ ಕೆಂಪು ಸಂಖ್ಯೆ ತೋರಿಸುವ ಆಪ್ ಕೊಡಬೇಡಿ. ತೂಕ ಇಳಿಸುವ ಇಂಜೆಕ್ಷನ್‌ಗಳು 2025ರಲ್ಲಿ ನಮ್ಮ ದೇಶಕ್ಕೂ ಬಂದ ಮೇಲೆ ಕೌಂಟರ್‌ನಲ್ಲಿ ಕೇಳುವವರು ಜಾಸ್ತಿ ಆಗಿದ್ದಾರೆ. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ಕೊಡುವುದೂ ಇಲ್ಲ.

ನನ್ನ ಫಲಿತಾಂಶ ಕೇಳಿದರೆ, ಮಳೆಗಾಲದಲ್ಲಿ 84 ಇದ್ದದ್ದು ಈ ಬೇಸಿಗೆಗೆ 77. ಎಚ್‌ಬಿಎ1ಸಿ 5.7, ಇನ್ನೂ ಅಂಚಿನಲ್ಲೇ ಇದೆ. ಬಿಎಂಐ 27. ಬೆಣ್ಣೆ ದೋಸೆ ಬಿಟ್ಟಿಲ್ಲ, ತಿಂಗಳಿಗೆ ಎರಡು ಸಲ, ಆ ದಿನ 800 ಅಂತ ಬರೆದು ರಾತ್ರಿ ಮಜ್ಜಿಗೆ ಕುಡಿದು ಮಲಗುತ್ತೇನೆ. ಈಗ ದಿನಾ ಬರೆಯುವುದಿಲ್ಲ. ತೂಕ ಒಂದು ಕೆಜಿ ಏರಿ ಎರಡು ವಾರ ಅಲ್ಲೇ ನಿಂತರೆ ಮತ್ತೆ ಒಂದು ವಾರ ಬರೆಯುತ್ತೇನೆ. ಹೆಚ್ಚಿನ ಸಲ ಸಿಗುವ ಕಳ್ಳ ಎಣ್ಣೆ, ಇಲ್ಲವೇ ಸಂಜೆಯ ಶೇಂಗಾ.

ಟ್ರಯಲ್ ಅಂತ ಪ್ರೀಮಿಯಂ ಒತ್ತಿದವರಿಗೆ ಇದು. ಆಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಬ್‌ಸ್ಕ್ರಿಪ್ಷನ್ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ತೆರೆದು ನಿಮ್ಮ ಫೋಟೊ ಒತ್ತಿ, ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ ಕ್ಯಾನ್ಸಲ್ ಮಾಡಿ. ಯುಪಿಐನಲ್ಲಿ ಕಟ್ಟಿದ್ದರೆ ನಿಮ್ಮ ಯುಪಿಐ ಆಪ್‌ನ 'ಆಟೊಪೇ' ಪಟ್ಟಿಯಲ್ಲೂ ನೋಡಿ, ಅಲ್ಲಿಂದಲೂ ತೆಗೆಯಿರಿ. ದುಡ್ಡು ಕಡಿತ ಆಗುವ 24 ಗಂಟೆ ಮೊದಲು ಮೆಸೇಜ್ ಕಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೆಸೇಜ್ ಸಾಲದ ಆಫರ್‌ಗಳ ಮಧ್ಯೆ ಎಲ್ಲೋ ಸಿಕ್ಕಿಕೊಂಡಿರುತ್ತದೆ, ಆದ್ದರಿಂದ ಟ್ರಯಲ್ ಒತ್ತಿದ ದಿನವೇ ಕ್ಯಾನ್ಸಲ್ ಮಾಡಿಬಿಡಿ. ಹೆಚ್ಚಿನ ಆಪ್‌ಗಳು ಉಳಿದ ದಿನಗಳ ಟ್ರಯಲ್ ಅನ್ನು ಹಾಗೇ ಕೊಡುತ್ತವೆ.